ಜಿಕೆವಿಕೆಯ ಪೇಪರ್‌ಗಳನ್ನೆಲ್ಲಾ ವಿಳಾಸ ಹಿಡಿದು ಹುಡುಕುವುದು ಹೇಗೆ?

ನೀವು ಕೇಳಿದ್ದು ಇದು: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ (ಅದರ ಕ್ಯಾಂಪಸ್ಸೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಜಿಕೆವಿಕೆ) ಇಲ್ಲಿಯವರೆಗೆ ಬಂದ ಸಂಶೋಧನಾ ಲೇಖನಗಳ ಪಟ್ಟಿ ಬೇಕು. ಸಂಶೋಧನಾ ಲೇಖನಗಳ ಡೇಟಾಬೇಸ್ ಆದ ವೆಬ್ ಆಫ್ ಸೈನ್ಸ್‌ನಲ್ಲಿ ವಿವಿಯ ಹೆಸರು ಹಾಕಿದರೆ ಸ್ವೀಡನ್ನಿನ ಪೇಪರ್‌ಗಳೆಲ್ಲಾ ಬರುತ್ತವೆ, ನಮ್ಮವರದೇ ಎಷ್ಟೋ ಬರುವುದಿಲ್ಲ. ಏನು ಮಾಡಲಿ?

ನಾನು ಗ್ರಂಥಾಲಯದ ಕೆಲಸದಲ್ಲಿರುವವನು. ಇಂಥ ಪಟ್ಟಿ ಕೇಳಿಕೊಂಡು ಬರುವವರು ವರ್ಷವಿಡೀ ಇರುತ್ತಾರೆ, ರ‍್ಯಾಂಕಿಂಗ್ ಫಾರಂ ತುಂಬುವ ಕಾಲದಲ್ಲಂತೂ ಜಾಸ್ತಿ. ನೀವು ಆರಿಸಿಕೊಂಡಿರುವುದು ಮಾತ್ರ ತುಸು ಕಷ್ಟದ ಸಂಸ್ಥೆಯನ್ನೇ.

ಮೊದಲು ಸ್ವೀಡನ್ನಿನ ವಿಷಯ. ವೆಬ್ ಆಫ್ ಸೈನ್ಸ್, ಲೇಖಕರು ಪೇಪರಿನಲ್ಲಿ ಕೊಟ್ಟ ತಮ್ಮ ಸಂಸ್ಥೆಯ ವಿಳಾಸಗಳನ್ನು ಮೊಟಕು ಮಾಡಿ ಇಟ್ಟುಕೊಳ್ಳುತ್ತದೆ. ಯೂನಿವರ್ಸಿಟಿ ಅಂದರೆ ‘ಯೂನಿವ್’, ಅಗ್ರಿಕಲ್ಚರಲ್ ಅಂದರೆ ‘ಎಜಿಆರ್’, ಸೈನ್ಸಸ್ ಅಂದರೆ ‘ಎಸ್‌ಸಿಐ’. ಈ ಮೂರನ್ನು ಜೋಡಿಸಿ ಹುಡುಕಿದರೆ ಉಪ್ಸಾಲಾದ ಸ್ವೀಡಿಷ್ ಕೃಷಿ ವಿವಿಯೂ ಬರುತ್ತದೆ, ರೊಮೇನಿಯಾದ ಕ್ಲೂಜ್ ನಗರದ ಕೃಷಿ ಮತ್ತು ಪಶುವೈದ್ಯ ವಿವಿಯೂ ಬರುತ್ತದೆ. ನಮ್ಮ ಧಾರವಾಡ, ರಾಯಚೂರು ಹೇಗೂ ಇದ್ದೇ ಇವೆ. ಎಲ್ಲರ ಹೆಸರಿನಲ್ಲೂ ಅದೇ ಮೂರು ತುಂಡುಗಳು.

‘ಹಾಗಾದರೆ ಜೊತೆಗೆ ಬೆಂಗಳೂರು ಅಂತ ಸೇರಿಸಿದರಾಯಿತು’ ಅಂತ ಅನ್ನಿಸುತ್ತದೆ, ಅಲ್ವಾ? ಸೇರಿಸಬೇಕು, ನಿಜ. ಆದರೆ ಎರಡೂ ಇರಬೇಕು ಅನ್ನುವ ‘ಆ್ಯಂಡ್’ ಹಾಕಿ ಸೇರಿಸಬೇಡಿ. ಒಂದು ಪೇಪರ್ ಅಂದುಕೊಳ್ಳಿ. ಅದರ ಒಬ್ಬ ಲೇಖಕರು ಉಪ್ಸಾಲಾದವರು, ಇನ್ನೊಬ್ಬರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು. ದಾಖಲೆಯಲ್ಲಿ ಎರಡು ವಿಳಾಸ ಇರುತ್ತವೆ. ಮೊದಲನೆಯದರಲ್ಲಿ ‘ಯೂನಿವ್ ಎಜಿಆರ್ ಎಸ್‌ಸಿಐ’ ಇದೆ, ಎರಡನೆಯದರಲ್ಲಿ ‘ಬ್ಯಾಂಗಲೋರ್’ ಇದೆ. ‘ಆ್ಯಂಡ್’ಗೆ ಅಷ್ಟೇ ಸಾಕು, ಎತ್ತಿ ಕೊಟ್ಟುಬಿಡುತ್ತದೆ. ಜಿಕೆವಿಕೆಗೂ ಆ ಪೇಪರಿಗೂ ಸಂಬಂಧವೇ ಇರುವುದಿಲ್ಲ.

ಇದಕ್ಕೆಂದೇ ಅಲ್ಲಿ ‘ಸೇಮ್’ ಅನ್ನುವ ಪದ ಇದೆ. ಅಡ್ವಾನ್ಸ್‌ಡ್ ಸರ್ಚ್‌ನಲ್ಲಿ ‘ಎಡಿ’ ಅಂತ ಬರೆದು, ಸಮ ಚಿಹ್ನೆ ಹಾಕಿ, ಆವರಣದೊಳಗೆ ವಿವಿಯ ಹೆಸರು, ‘ಸೇಮ್’, ಊರಿನ ಹೆಸರು ಹೀಗೆ ಬರೆಯಬೇಕು. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಆಗ ಎರಡೂ ಒಂದೇ ವಿಳಾಸದ ಸಾಲಿನಲ್ಲಿ ಇದ್ದರೆ ಮಾತ್ರ ಪೇಪರ್ ಬರುತ್ತದೆ. ಊರಿನ ಜಾಗದಲ್ಲಿ ‘ಬ್ಯಾಂಗಲೋರ್’ ಮತ್ತು ‘ಬೆಂಗಳೂರು’ ಎರಡನ್ನೂ ಚಿಕ್ಕ ಆವರಣದಲ್ಲಿ, ಯಾವುದಿದ್ದರೂ ಸರಿ ಅನ್ನುವ ‘ಆರ್’ ಹಾಕಿ ಕೊಡಿ. ಸರ್ಕಾರ ಹೆಸರು ಬದಲಿಸಿದ್ದು 2014ರ ನವೆಂಬರ್ 1ಕ್ಕೆ. ಆದರೆ ಲೇಖಕರು ಇವತ್ತಿಗೂ ಮನಸ್ಸಿಗೆ ಬಂದ ಹಾಗೆ ಬರೆಯುತ್ತಾರೆ. ಒಂದೇ ಪೇಪರಿನಲ್ಲಿ ಎರಡೂ ಇರುವುದುಂಟು.

ಸ್ಕೋಪಸ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ‘ಸೇಮ್’ ಇಲ್ಲ, ಆವರಣವೇ ಆ ಕೆಲಸ ಮಾಡುತ್ತದೆ. ‘ಅಫಿಲ್’ (AFFIL) ಅಂತ ಬರೆದು ಎರಡು ಪದಗಳನ್ನೂ ಒಂದೇ ಆವರಣದೊಳಗೆ ಹಾಕಿದರೆ ಒಂದೇ ವಿಳಾಸದಲ್ಲಿ ಹುಡುಕುತ್ತದೆ. ಎರಡು ಬೇರೆ ಬೇರೆ ‘ಅಫಿಲ್’ ಬರೆದು ನಡುವೆ ‘ಆ್ಯಂಡ್’ ಹಾಕಿದರೆ ಮತ್ತೆ ಉಪ್ಸಾಲಾ ಕಥೆಯೇ.

ಈಗ ಬಿಟ್ಟುಹೋಗುವ ಪೇಪರ್‌ಗಳಿಗೆ ಬರೋಣ. ನನ್ನ ಲೆಕ್ಕದಲ್ಲಿ ಅಸಲಿ ತಲೆನೋವು ಇದೇ. ಬೇಡದ್ದು ಬಂದರೆ ಕಣ್ಣಿಗೆ ಬೀಳುತ್ತದೆ, ತೆಗೆದು ಹಾಕಬಹುದು. ಬರದೇ ಇದ್ದದ್ದು ಕಾಣುವುದೇ ಇಲ್ಲ. ನಾವು ಸಂಸ್ಥೆಯ ಅಧಿಕೃತ ಹೆಸರು ಹಿಡಿದು ಹುಡುಕುತ್ತೇವೆ. ಲೇಖಕರು ಅದನ್ನು ಹೇಗೆ ಬರೆದಿದ್ದಾರೋ ಹಾಗೆ ಹುಡುಕಬೇಕು. ಕೆಲವರು ಯೂನಿವರ್ಸಿಟಿ ಆಫ್ ಅಗ್ರಿಕಲ್ಚರಲ್ ಸೈನ್ಸಸ್ ಅನ್ನುವುದನ್ನು ಮೊಟಕು ಮಾಡಿ ಬರೀ ‘ಯುಎಎಸ್’ ಅಂತ ಬರೆದಿರುತ್ತಾರೆ, ಕೆಲವರು ‘ಯುಎಎಸ್‌ಬಿ’. ಕೆಲವರು ವಿವಿಯ ಹೆಸರನ್ನೇ ಬಿಟ್ಟು ವಿಭಾಗ, ಜಿಕೆವಿಕೆ, ಬೆಂಗಳೂರು ಅಷ್ಟಕ್ಕೇ ನಿಲ್ಲಿಸಿರುತ್ತಾರೆ. ಜಿಕೆವಿಕೆಯನ್ನು ಬಿಡಿಸಿ ಬರೆದವರಲ್ಲಿ ‘ವಿಗ್ಯಾನ್’, ‘ವಿಗ್ನಾನ’, ‘ವಿಜ್ಞಾನ’ ಅಂತ ಮೂರು ಥರದ ಸ್ಪೆಲಿಂಗ್. ಹಾಗಂತ ಮುಂದಿನ ‘ಗಾಂಧಿ’ಯನ್ನು ಬಿಟ್ಟು ‘ಕೃಷಿ ವಿಜ್ಞಾನ ಕೇಂದ್ರ’ ಅಂತ ಹುಡುಕಿಬಿಟ್ಟೀರಿ! ಆ ಹೆಸರಿನ ಕೇಂದ್ರ ದೇಶದಲ್ಲಿ ಹೆಚ್ಚುಕಮ್ಮಿ ಜಿಲ್ಲೆಗೊಂದು ಇದೆ.

ಇಷ್ಟೆಲ್ಲಾ ರೂಪಗಳನ್ನು ತಲೆಯಿಂದ ಊಹಿಸಲು ಹೋಗಬೇಡಿ. ನಾನು ಮಾಡುವುದು ಹೀಗೆ: ಮೊದಲು ಬರೀ ಪಿನ್‌ಕೋಡ್ ಹಾಕಿ ಹುಡುಕುತ್ತೇನೆ. ಜಿಕೆವಿಕೆಯದು 560065. ಬಂದ ದಾಖಲೆಗಳಲ್ಲಿ ಬೇರೆ ಬೇರೆ ವರ್ಷದ ಒಂದಷ್ಟನ್ನು ತೆರೆದು, ವಿಳಾಸದ ಸಾಲುಗಳನ್ನು ಮಾತ್ರ ಓದುತ್ತಾ ಹೋಗುತ್ತೇನೆ. ಕಂಡ ಪ್ರತಿ ಹೊಸ ರೂಪವನ್ನೂ ಎಕ್ಸೆಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಸ್ವಲ್ಪ ಹೊತ್ತಿನಲ್ಲೇ ಹೊಸದು ಸಿಗುವುದು ನಿಲ್ಲುತ್ತದೆ. ಆಮೇಲೆ ಆ ರೂಪಗಳನ್ನೆಲ್ಲಾ ‘ಆರ್’ ಹಾಕಿ ಪೋಣಿಸಿ, ಪಿನ್‌ಕೋಡ್ ತೆಗೆದು, ನಿಜವಾದ ಹುಡುಕಾಟ ಶುರು ಮಾಡುತ್ತೇನೆ. ಪಿನ್‌ಕೋಡ್ ಒಂದನ್ನೇ ನಂಬಿ ಕೂರುವ ಹಾಗಿಲ್ಲ. ಬರೆಯದೇ ಇರುವವರೇ ಬಹಳ. ಬರೆದವರಲ್ಲೂ ‘560’ ಆದ ಮೇಲೆ ಜಾಗ ಬಿಡುವವರು ಇದ್ದಾರೆ. ಹೆಬ್ಬಾಳದ ಹಳೇ ಕ್ಯಾಂಪಸ್ಸಿನದು ಬೇರೆಯೇ, 560024.

ಪಿನ್‌ಕೋಡ್ ಅಥವಾ ‘ಜಿಕೆವಿಕೆ’ ಹಾಕಿದ ತಕ್ಷಣ ನಿಮ್ಮ ಪಟ್ಟಿಗೆ ಒಬ್ಬ ನೆರೆಯವನೂ ಬಂದು ಸೇರುತ್ತಾನೆ: ಎನ್‌ಸಿಬಿಎಸ್, ಅಂದರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜೀವವಿಜ್ಞಾನ ಕೇಂದ್ರ. ಅದು ಇರುವುದೂ ಜಿಕೆವಿಕೆ ಕ್ಯಾಂಪಸ್ಸಿನಲ್ಲೇ, ಬಳ್ಳಾರಿ ರಸ್ತೆ, 560065. ಅವರ ಪೇಪರ್‌ಗಳ ಸಂಖ್ಯೆ ಸಣ್ಣದಲ್ಲ. ಆಗ ‘ನಾಟ್’ ಹಾಕಿ ಅವರನ್ನು ಒಮ್ಮೆಗೇ ಕಿತ್ತುಹಾಕೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ‘ನಾಟ್’ ವಿಳಾಸವನ್ನು ತೆಗೆಯುವುದಿಲ್ಲ, ಇಡೀ ಪೇಪರನ್ನೇ ತೆಗೆಯುತ್ತದೆ. ಕೃಷಿ ವಿವಿಯವರೂ ಎನ್‌ಸಿಬಿಎಸ್‌ನವರೂ ಸೇರಿ ಬರೆದ ಲೇಖನಗಳು ಗುಟ್ಟಾಗಿ ಮಾಯವಾಗುತ್ತವೆ. ಗೋಡೆಗೆ ಗೋಡೆ ತಾಗಿಕೊಂಡಿರುವ ಎರಡು ಸಂಸ್ಥೆಗಳು ಸೇರಿ ಬರೆಯದೇ ಇರುತ್ತವೆಯೇ? ಅದರ ಬದಲು ‘ಜಿಕೆವಿಕೆ’ ಮಾತ್ರ ಇದ್ದು ವಿವಿಯ ಹೆಸರಿಲ್ಲದ ಗುಂಪನ್ನು ಬೇರೆ ಮಾಡಿ ಎಕ್ಸೆಲ್‌ಗೆ ಇಳಿಸಿಕೊಳ್ಳಿ. ವಿಳಾಸದ ಕಾಲಂ ನೋಡಿ ಕೈಯಲ್ಲೇ ಆರಿಸಿ. ಬೇಸರದ ಕೆಲಸ, ಆದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ವೆಬ್ ಆಫ್ ಸೈನ್ಸ್‌ನವರೇ ಬೇರೆ ಬೇರೆ ರೂಪಗಳನ್ನು ಒಟ್ಟು ಮಾಡಿದ ‘ಅಫಿಲಿಯೇಷನ್’ ಪಟ್ಟಿ ಇದೆ, ಸ್ಕೋಪಸ್‌ನಲ್ಲಿ ಪ್ರತಿ ಸಂಸ್ಥೆಗೂ ಒಂದು ನಂಬರ್ ಇದೆ. ಬಳಸಿ. ಆದರೆ ಅದೊಂದನ್ನೇ ಬಳಸಬೇಡಿ. ನಿಮ್ಮ ಪಟ್ಟಿಯ ಜೊತೆ ‘ಆರ್’ ಹಾಕಿ ಸೇರಿಸಿಕೊಳ್ಳಿ.

ಇನ್ನು ನಿಮ್ಮ ವಿವಿಯ ಇತಿಹಾಸ. ನೀವು ‘ಇಲ್ಲಿಯವರೆಗೆ’ ಅಂದಿದ್ದೀರಿ, ಹಾಗಾಗಿ ಇದನ್ನು ಹೇಳಲೇಬೇಕು. 1964ರಲ್ಲಿ ಶುರುವಾದಾಗ ಇಡೀ ರಾಜ್ಯಕ್ಕೆ ಇದೊಂದೇ ಕೃಷಿ ವಿವಿ. ಧಾರವಾಡ ಬೇರೆಯಾದದ್ದು 1986ರಲ್ಲಿ. ಅಂದರೆ 1980ರ ಒಂದು ಪೇಪರಿನಲ್ಲಿ ಧಾರವಾಡ ಅಂತ ಇದ್ದರೂ ಅದು ಆಗ ನಿಮ್ಮದೇ. ಮಂಗಳೂರಿನ ಮೀನುಗಾರಿಕೆ ಕಾಲೇಜು, ಹೆಬ್ಬಾಳದ ವೆಟರ್ನರಿ ಕಾಲೇಜು ಎರಡೂ ಬೀದರ್‌ನ ಪಶು ವಿವಿ ಹುಟ್ಟುವ ತನಕ ಇದರ ಕೆಳಗೇ ಇದ್ದವು. ಮಂಗಳೂರಿನವರು 1995ರಲ್ಲಿ ಸಿಗಡಿಯ ಬಗ್ಗೆ ಬರೆದರೆ, ವಿಳಾಸದಲ್ಲಿ ವಿವಿ ಇರುತ್ತದೆ, ಮಂಗಳೂರು ಇರುತ್ತದೆ, ಬೆಂಗಳೂರು ಇರುವುದಿಲ್ಲ. ನಿಮ್ಮ ‘ಸೇಮ್ ಬೆಂಗಳೂರು’ ಅದನ್ನು ಹಿಡಿಯುವುದೇ ಇಲ್ಲ. ಮೂಡಿಗೆರೆ, ಪೊನ್ನಂಪೇಟೆ ಕಾಲೇಜುಗಳು ಇದರ ಕೆಳಗೆ ಇದ್ದಾಗ ಅಲ್ಲಿನವರು ಬರೆದವಕ್ಕೂ ಇದೇ ಗತಿ. ಮಂಡ್ಯದ ವಿ.ಸಿ. ಫಾರ್ಮ್, ಹಾಸನ, ಚಿಂತಾಮಣಿ ಹೆಸರುಗಳನ್ನೂ ಊರಿನ ಆವರಣಕ್ಕೆ ಸೇರಿಸಿಕೊಳ್ಳಿ. ಊರಿಗೆ ತಕ್ಕ ಹಾಗೆ ವರ್ಷದ ಮಿತಿ ಹಾಕಿ, ತುಂಡು ತುಂಡಾಗಿ ಹುಡುಕಿ, ಕೊನೆಗೆ ಒಟ್ಟು ಮಾಡಿ. ಆಗಿನ ಸಂಸ್ಥೆಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಈಗಿನದನ್ನೋ ಅನ್ನುವುದನ್ನು ನಿಮ್ಮ ಗೈಡ್ ಹತ್ತಿರ ಮೊದಲೇ ಕೇಳಿಬಿಡಿ. ಎಲ್ಲಾ ಮುಗಿದ ಮೇಲೆ ಕೇಳಿದರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.

ವೈದ್ಯಕೀಯ ಮತ್ತು ಜೀವವಿಜ್ಞಾನದ ಡೇಟಾಬೇಸ್ ಆದ ಪಬ್‌ಮೆಡ್ ನೋಡುವುದಾದರೆ ಒಂದು ಎಚ್ಚರ. 1988ರಿಂದ 2013ರವರೆಗಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುತ್ತದೆ. ನಿಮ್ಮವರು ಎರಡನೆಯವರೋ ಮೂರನೆಯವರೋ ಆಗಿದ್ದರೆ ವಿಳಾಸ ಹಿಡಿದು ಸಿಗುವುದಿಲ್ಲ, ಹೆಸರು ಹಿಡಿದೇ ಹುಡುಕಬೇಕು. ಗೂಗಲ್ ಸ್ಕಾಲರ್‌ನಲ್ಲಿ ವಿಳಾಸದ ಹುಡುಕಾಟವೇ ಇಲ್ಲ, ಆ ದಾರಿ ಬಿಡಿ.

ಚಂದಾ ಇಲ್ಲದ ಕಡೆ ಕೂತಿದ್ದರೆ ಓಪನ್‌ಅಲೆಕ್ಸ್ ಅನ್ನುವ ಡೇಟಾಬೇಸ್ ಇದೆ. 2022ರಲ್ಲಿ ಶುರುವಾಯಿತು, ಹುಡುಕಲು ಚಂದಾ ಬೇಕಿಲ್ಲ. ಸಂಸ್ಥೆ ಯಾವುದು ಅಂತ ಅಲ್ಲಿ ಕಂಪ್ಯೂಟರೇ ಗುರುತಿಸುತ್ತದೆ. ಹೆಸರುಗಳು ಇಷ್ಟು ಹತ್ತಿರ ಇರುವಾಗ ಅದು ಎಡವುವುದು ಸಹಜ, ಹಾಗಾಗಿ ಲೇಖಕರು ಬರೆದ ಮೂಲ ವಿಳಾಸದ ಸಾಲನ್ನೂ ಜೊತೆಗೆ ನೋಡಿ.

ಪಟ್ಟಿ ಆಯಿತು ಅನ್ನಿಸಿದಾಗ ಒಂದು ಪರೀಕ್ಷೆ ಮಾಡಿ. ಬೇರೆ ಬೇರೆ ವಿಭಾಗದ ನಾಲ್ಕೈದು ಹಿರಿಯ ಪ್ರಾಧ್ಯಾಪಕರ ಬಯೋಡೇಟಾ ತೆಗೆದುಕೊಂಡು, ಅವರ ಪೇಪರ್‌ಗಳು ನಿಮ್ಮ ಪಟ್ಟಿಯಲ್ಲಿ ಇವೆಯೇ ನೋಡಿ. ಇಲ್ಲದ ಒಂದೊಂದನ್ನೂ ಡೇಟಾಬೇಸ್‌ನಲ್ಲಿ ಶೀರ್ಷಿಕೆ ಹಾಕಿ ತೆರೆಯಿರಿ. ವಿಳಾಸವನ್ನು ನೀವು ಯೋಚಿಸದ ರೀತಿಯಲ್ಲಿ ಬರೆದಿದ್ದರೆ ಆ ರೂಪವನ್ನು ಸೇರಿಸಿಕೊಳ್ಳಿ. ಪೇಪರೇ ಅಲ್ಲಿ ಇಲ್ಲದಿದ್ದರೆ ಆ ಪತ್ರಿಕೆ ಡೇಟಾಬೇಸ್‌ಗೆ ಸೇರಿಲ್ಲ ಅಂತ ಅರ್ಥ. ವಿಳಾಸ ಎಷ್ಟು ತಿದ್ದಿದರೂ ಸಿಗುವುದಿಲ್ಲ. ಅಂಥವನ್ನು ಸಿಎಬಿ ಅಬ್‌ಸ್ಟ್ರಾಕ್ಟ್ಸ್‌ನಲ್ಲಿ ನೋಡಿ, ಕೃಷಿಯ ಸಣ್ಣಪುಟ್ಟ ಪತ್ರಿಕೆಗಳು ಅಲ್ಲಿ ಜಾಸ್ತಿ. ವಿವಿಯದೇ ಆದ ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ನ ಸಂಚಿಕೆಗಳನ್ನು ಜಿಕೆವಿಕೆ ಲೈಬ್ರರಿಯಲ್ಲೇ ಕೂತು ನೋಡುವುದು ವಾಸಿ.

ಬರೆದ ಹುಡುಕಾಟದ ಸಾಲು ಮತ್ತು ಹುಡುಕಿದ ತಾರೀಕನ್ನು ಪ್ರಬಂಧದ ಅನುಬಂಧದಲ್ಲಿ ಹಾಕಿ. ಸಾಲು ಉದ್ದ ಆಯಿತು ಅಂತ ಸಂಕೋಚ ಬೇಡ. ಎಲ್ಲಾದರೂ ಸಿಕ್ಕಿಕೊಂಡರೆ ಆ ಸಾಲನ್ನು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.