ಒಬ್ಬನೇ ಐಸ್ ಫಿಶಿಂಗ್ ಹೋಗುವಾಗ ಗಾಳಿ ತುಂಬೋ ಲೈಫ್ ಜಾಕೆಟ್ ಸಾಕಾ, ಫ್ಲೋಟ್ ಸೂಟೇ ಬೇಕಾ?

ಹೆಪ್ಪುಗಟ್ಟಿದ ಕೆರೆ ಮೇಲೆ ಮೀನು ಹಿಡಿಯೋಕೆ ಹೋಗುವಾಗ ಜೊತೆಗೆ ಯಾರೂ ಇರಲ್ಲ ಅಂದ್ರೆ ಫ್ಲೋಟ್ ಸೂಟೇ (ಒಳಗೆ ತೇಲಿಸೋ ಫೋಮ್ ಇರೋ ಚಳಿಗಾಲದ ಉಡುಪು) ತಗೊಳ್ಳಿ. ದುಡ್ಡು ಸಾಲದಿದ್ರೆ ಜಾಕೆಟ್ ಮೇಲೆ ಹಾಕ್ಕೊಳ್ಳೋ ಫೋಮ್ ವೆಸ್ಟ್. ನೀವು ಕೇಳಿರೋ ಗಾಳಿ ತುಂಬೋದು ನನ್ನ ಲೆಕ್ಕದಲ್ಲಿ ಕೊನೆಗೆ ಬರುತ್ತೆ.

ಯಾಕಂದ್ರೆ ಐಸ್ ಒಡೆದು ಒಳಗೆ ಬಿದ್ದಾಗ ಮೊದಲು ಕಾಡೋದು ಚಳಿಗಿಂತ ಉಸಿರು. ಅಷ್ಟು ತಣ್ಣನೆ ನೀರು ಮೈಗೆ ತಾಕಿದ ಕೂಡ್ಲೇ ನಾವು ಬೇಡ ಅಂದ್ರೂ ಒಂದು ದೊಡ್ಡ ಉಸಿರು ಒಳಗೆ ಹೋಗುತ್ತೆ, ಆಮೇಲೆ ಏದುಸಿರು ಶುರು, ಆ ಹೊತ್ತಲ್ಲಿ ಬಾಯಿ ನೀರೊಳಗಿದ್ರೆ ಎಷ್ಟು ಚೆನ್ನಾಗಿ ಈಜು ಬಂದ್ರೂ ಉಪಯೋಗಕ್ಕೆ ಬರಲ್ಲ. ತಣ್ಣೀರಲ್ಲಿ ಮೈಗೆ ಏನಾಗುತ್ತೆ ಅಂತ ಸಂಶೋಧನೆ ಮಾಡಿರೋ ಕೆನಡಾದ ಮ್ಯಾನಿಟೋಬಾ ಯೂನಿವರ್ಸಿಟಿಯ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನ 1-10-1 ಅಂತ ಹೇಳ್ಕೊಡ್ತಾರೆ: ಉಸಿರು ಹತೋಟಿಗೆ ಬರೋಕೆ 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳೋದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಅಂದ್ರೆ ನೀವು ತಗೊಳ್ಳೋ ವಸ್ತು ಆ ಮೊದಲ ನಿಮಿಷ ನಿಮ್ಮ ಕೈಯಿಂದ ಏನೂ ಮಾಡಿಸದೇ ತಲೆಯನ್ನ ಮೇಲಿಡಬೇಕು, ಮುಂದಿನ ಹತ್ತು ನಿಮಿಷದಲ್ಲಿ ನೀವು ಮೇಲೆ ಹತ್ತೋಕೆ ಅಡ್ಡ ಬರಬಾರದು. ಎಳೆಯೋಕೆ ಇನ್ನೊಬ್ಬರಿಲ್ಲವಲ್ಲ.

ಗಾಳಿ ತುಂಬೋದು ಇಲ್ಲೇ ಸೋಲೋದು. ದಾರ ಎಳೆಯೋ ಟೈಪ್ ಆದ್ರೆ ಆ ಏದುಸಿರಲ್ಲಿ ದಾರ ಹುಡುಕಬೇಕು. ಆಟೋಮ್ಯಾಟಿಕ್ ಆದ್ರೂ ಒಳಗಿರೋ ಗ್ಯಾಸ್ ಸಿಲಿಂಡರಿನ ಒತ್ತಡ ಕೊರೆಯೋ ಚಳೀಲಿ ಕಮ್ಮಿ ಆಗಿ ನಿಧಾನವಾಗಿ ಉಬ್ಬುತ್ತೆ, ಪೂರ್ತಿ ಉಬ್ಬದೇನೂ ಇರಬಹುದು, ಹಾಗಾಗಿ ಎಷ್ಟು ಡಿಗ್ರಿವರೆಗೆ ಕೆಲಸ ಮಾಡುತ್ತೆ ಅಂತ ಅದರ ಮ್ಯಾನುಯಲ್ ನೋಡಿ. ಮತ್ತೆ ಯಾವ ಕಾರಣಕ್ಕೂ ಅದನ್ನ ಕೋಟಿನ ಒಳಗೆ ಹಾಕಬೇಡಿ, ಉಬ್ಬಿದಾಗ ಎದೆ ಹಿಸುಕಿಬಿಡುತ್ತೆ.

ಫೋಮ್ ವೆಸ್ಟಿಗೆ ಈ ತಾಪತ್ರಯ ಯಾವುದೂ ಇಲ್ಲ. ನಿಮ್ಮ ಅತಿ ದಪ್ಪ ಕೋಟ್ ಮೇಲೆ ಬಿಗಿಯಾಗಿ ಕೂರೋ ಸೈಜ್ ತಗೊಳ್ಳಿ, ತೊಡೆ ಮಧ್ಯೆ ಹಾದು ಬರೋ ಪಟ್ಟಿ ಇದ್ರೆ ಒಳ್ಳೇದು, ಇಲ್ದಿದ್ರೆ ನೀರಲ್ಲಿ ಮೇಲೆ ಸರಿದು ಮುಖಕ್ಕೆ ಬರುತ್ತೆ.

ಸೂಟ್ ನೋಡುವಾಗ ಲೇಬಲ್ ಓದಿ. ಬರೀ ‘ಫ್ಲೋಟ್ ಅಸಿಸ್ಟ್’ ಅಂತ ಬರೆದಿದ್ರೆ ತೇಲೋಕೆ ಸಹಾಯ ಮಾಡುತ್ತೆ ಅಷ್ಟೇ, ಲೈಫ್ ಜಾಕೆಟ್ ಅಂತ ಪ್ರಮಾಣಪತ್ರ ಸಿಕ್ಕಿದೆ ಅಂತಲ್ಲ. ಅಮೆರಿಕದಲ್ಲಿ ಕೋಸ್ಟ್ ಗಾರ್ಡ್ ಒಪ್ಪಿಗೆ, ಯೂರೋಪಲ್ಲಿ ಐಎಸ್ಒ 12402 ಅಂತ ಇರುತ್ತೆ. ಅದರಲ್ಲಿ 50 ನ್ಯೂಟನ್ (ತೇಲಿಸೋ ಬಲದ ಅಳತೆ) ಅಂದ್ರೆ ಎಚ್ಚರ ಇರೋರನ್ನ ತೇಲಿಸುತ್ತೆ, ಪ್ರಜ್ಞೆ ತಪ್ಪಿದೋರ ಮುಖ ಮೇಲೆ ತಿರುಗಿಸುತ್ತೆ ಅಂತ ನಂಬೋ ಹಾಗಿಲ್ಲ. ಆದ್ರೂ ಐಸ್ ಮೇಲೆ 50 ಇರೋ ಸೂಟೇ ನಾನು ಹೇಳೋದು, ಎಚ್ಚರ ಇರುವಾಗಲೇ ನೀವು ಹೊರಗೆ ಬಂದುಬಿಡಬೇಕಲ್ವಾ. ಫೋಮ್ ಬರೀ ಜಾಕೆಟ್ಟಲ್ಲಿ ಇದೆಯಾ ಪ್ಯಾಂಟಲ್ಲೂ ಇದೆಯಾ ಕೇಳಿ, ಕಾಲು ತೇಲಿದ್ರೆ ಒದ್ದು ಮೇಲೆ ಬರೋದು ಸುಲಭ. ಮತ್ತೆ ಗಾಳಿಯಾಡೋಕೆ ಕಂಕುಳಲ್ಲಿ ಜಿಪ್ ಇರಲಿ, ಯಾಕಂದ್ರೆ ಸ್ಲೆಡ್ (ಸಾಮಾನು ಹಾಕೋ ಜಾರುಬಂಡಿ) ಎಳ್ಕೊಂಡು ನಡೆಯುವಾಗ ಬೆವರು ಬಂದು ಎಲ್ರೂ ಎದೆ ಜಿಪ್ ತೆಗೀತಾರೆ, ಐಸ್ ಒಡೆಯೋದೂ ಹೆಚ್ಚಾಗಿ ಹಾಗೆ ನಡೀತಿರುವಾಗಲೇ, ಬಿಚ್ಚಿದ ಸೂಟ್ ನೀರಲ್ಲಿ ಮೇಲೆ ಸರಿದು ನೀವು ಕೆಳಗೆ ಹೋಗ್ತೀರಿ.

ಸೂಟ್ ನಿಮ್ಮನ್ನ ಮೇಲೆ ಎತ್ತಿ ಹಾಕಲ್ಲ, ತೇಲಿಸುತ್ತೆ ಅಷ್ಟೇ, ಹತ್ತೋಕೆ ಐಸ್ ಪಿಕ್ (ಐಸಿಗೆ ಚುಚ್ಚಿ ಹಿಡಿಯೋಕೆ ಹಿಡಿ ಇರೋ ಎರಡು ಚೂಪು ಮೊಳೆ) ಬೇಕೇ ಬೇಕು. ಒದ್ದೆ ಐಸ್ ಮೇಲೆ ಗ್ಲೌಸಿಗೆ ಹಿಡಿತವೇ ಸಿಗಲ್ಲ. ಅವು ಕುತ್ತಿಗೇಲಿ ನೇತಾಡ್ತಿರಲಿ, ಜೇಬಲ್ಲಿ ಬೇಡ. ಬಿದ್ರೆ ಬಂದ ದಿಕ್ಕಿಗೇ ತಿರುಗಿ (ಆ ಐಸ್ ನಿಮ್ಮ ಭಾರ ತಡೆದಿತ್ತು), ಪಿಕ್ ಚುಚ್ಚಿ, ಮೈ ಅಡ್ಡ ಆಗೋ ತನಕ ಕಾಲು ಒದೀರಿ, ಮೇಲೆ ಬಂದ ಮೇಲೆ ಎದ್ದು ನಿಲ್ಲದೇ ಉರುಳಿಕೊಂಡೇ ದೂರ ಹೋಗಿ.

ಕಾರಲ್ಲಿ ಐಸ್ ಮೇಲೆ ಹೋಗ್ತಿದ್ರೆ ಒಳಗೆ ಕೂತಿರುವಾಗ ಮಾತ್ರ ಲೈಫ್ ಜಾಕೆಟ್ ಬೇಡ, ಕಾರು ಮುಳುಗಿದ್ರೆ ಕಿಟಕಿಯಿಂದ ಹೊರಬರೋಕೆ ಬಿಡಲ್ಲ.

ಏನೇ ತಗೊಂಡ್ರೂ ಸೀಸನ್ ಮುಂಚೆ ಒಳಗಿನ ಬಟ್ಟೆ, ಬೂಟು ಎಲ್ಲ ಹಾಕ್ಕೊಂಡು ಈಜುಕೊಳದಲ್ಲಿ ಒಂದ್ಸಲ ಇಳಿದು ನೋಡಿ, ದಡದಲ್ಲಿ ಒಬ್ಬರು ನಿಂತಿರಲಿ. ಗದ್ದ ನೀರಿನ ಮೇಲೆ ನಿಲ್ಲದಿದ್ರೆ ಆ ಸೈಜ್ ವಾಪಸ್ ಕೊಡಿ.