ಮಾಲ್ಗುಡಿ ಡೇಸ್ ನೋಡೋಕೆ ಮನೇಲಿ ಜೊತೆಗೆ ಯಾರೂ ಇಲ್ಲ!

ಪ್ರಶ್ನೆ: ಅಕ್ಕಾ ನಮಸ್ಕಾರ. ಈಗ ಸ್ವಲ್ಪ ದಿನದಿಂದ ರಾತ್ರಿ ಊಟ ಆದ್ಮೇಲೆ ಮಾಲ್ಗುಡಿ ಡೇಸ್ ಸೀರಿಯಲ್ ಮತ್ತೆ ನೋಡ್ತಾ ಇದೀನಿ. ಚಿಕ್ಕೋನಿದ್ದಾಗ ಪಕ್ಕದ್ಮನೆ ಬ್ಲಾಕ್ ಅಂಡ್ ವೈಟ್ ಟಿವೀಲಿ ತಂಗಿ ಜೊತೆ ನೋಡಿದ್ದು, ಈಗ್ಲೂ ಆ ತಾನಾನಾ ಮ್ಯೂಸಿಕ್ ಕೇಳಿದ್ರೆ ಮೈ ಜುಮ್ ಅನ್ಸುತ್ತೆ. ಆದ್ರೆ ಜೊತೆಗೆ ಕೂರೋರೇ ಇಲ್ಲ. ಹತ್ತು ವರ್ಷದ ಮಗ ಸ್ವಲ್ಪ ಹೊತ್ತು ಕೂತು "ಅಪ್ಪಾ ಇದ್ರಲ್ಲಿ ಏನೂ ಆಗ್ತಾನೇ ಇಲ್ವಲ್ಲ" ಅಂತ ಎದ್ದೋಗ್ತಾನೆ. ಹೆಂಡ್ತಿ "ಎಷ್ಟ್ ಸಲ ಅದನ್ನೇ ನೋಡ್ತೀರಿ" ಅಂತಾಳೆ. ಇವ್ರಿಗೆ ರುಚಿ ಹತ್ಸೋದು ಹೇಗೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಜ ಹೇಳಿ, ನೋಡುವಾಗ ನೀವು ಸುಮ್ನೆ ಕೂರ್ತೀರಾ? "ಈಗ್ ನೋಡು ಈಗ್ ನೋಡು, ಇಲ್ಲೇ ಮಜಾ ಇರೋದು" ಅಂತ ಮಧ್ಯೆ ಮಧ್ಯೆ ಹೇಳ್ತಾ, ಟಿವಿ ಬಿಟ್ಟು ಮಗನ ಮುಖ ನೋಡ್ತಾ ಇರ್ತೀರಿ ಅಂತ ನನ್ ಡೌಟು, ಹಾಗ್ ಮಾಡಿದ್ರೆ ಯಾವ್ ಮಗು ನಗುತ್ತೆ ಹೇಳಿ, ಅದಕ್ಕೆ ಪರೀಕ್ಷೆಗೆ ಕೂತಂಗಾಗುತ್ತೆ.

ಅವನಿಗೆ ಮೊದ್ಲು "ಎ ಹೀರೋ" ಕಂತು ಹಾಕಿ. ಹಳ್ಳಿ ಹುಡುಗ ಒಬ್ಬ ಹುಲಿ ಜೊತೆ ಹೊಡೆದಾಡಿದ ಸುದ್ದಿ ಪೇಪರಲ್ಲಿ ಓದಿದ ಅಪ್ಪ (ಗಿರೀಶ್ ಕಾರ್ನಾಡ್), ಧೈರ್ಯ ಇದ್ರೆ ಆಫೀಸ್ ರೂಮಲ್ಲಿ ಒಬ್ನೇ ಮಲಗು ನೋಡೋಣ ಅಂತ ಮಗ ಸ್ವಾಮಿಗೆ ಗಂಟು ಬೀಳ್ತಾನೆ. ಅಜ್ಜಿ ಪಕ್ಕ ಬಿಟ್ಟು ಮಲಗದ ಹುಡುಗ ಬೆಂಚ್ ಕೆಳಗೆ ನುಗ್ಗಿ, ಕತ್ತಲಲ್ಲಿ ಬಂದ ಕಾಲನ್ನ ದೆವ್ವ ಅಂದ್ಕೊಂಡು ಕಚ್ಚೇಬಿಡ್ತಾನೆ, ನೋಡಿದ್ರೆ ಅದು ಕಳ್ಳಂದು! ಒಬ್ನೇ ಮಲಗೋಕೆ ಹೆದರೋ ವಯಸ್ಸಿನ ಮಕ್ಕಳಿಗೆ ಇದು ನೇರ ತಾಗುತ್ತೆ. ಮೂಲ ಹಿಂದಿ ಅರ್ಥ ಆಗ್ದೆ ಎದ್ದೋಗ್ತಿದಾನೋ ಏನೋ ಅದನ್ನೂ ಕೇಳಿ, ಕನ್ನಡಕ್ಕೆ ಡಬ್ ಆಗಿರೋದೂ ಇದೆ. ಆದ್ರೂ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್ ಎಲ್ಲ ನಮ್ಮೋರೇ ಸೇರ್ಕೊಂಡು ಆಗುಂಬೇಲಿ ಹಿಂದಿ ಮಾತಾಡೋದೇ ಒಂದು ಚಂದ, ನನಗಂತೂ.

ಹೆಂಡ್ತಿಗೆ ಸ್ವಾಮಿ ಕಥೆ ಬೇಡ, "ದ ಮಿಸ್ಸಿಂಗ್ ಮೇಲ್" ಹಾಕಿ. ಮದುವೆ ನಿಂತೋಗುತ್ತೆ ಅಂತ ಪೋಸ್ಟ್‌ಮ್ಯಾನ್ ತಾನಪ್ಪ ಸಾವಿನ ಕಾಗದ ಕೊಡದೆ ಹಾಗೇ ಇಟ್ಕೋತಾನಲ್ಲ, ಅವನು ಮಾಡಿದ್ದು ಸರೀನಾ ಅಂತ ಕೇಳಿ ಸುಮ್ನಾಗಿ. ಜಗಳ ಆದ್ರೂ ಆಗ್ಲಿ, ಅದು ಒಳ್ಳೇ ಜಗಳ.

ಆದ್ರೂ ಒಂದು ಮಾತು, ಬೇಜಾರಾಗ್ಬೇಡಿ. ನಿಮಗೆ ಬೇಕಿರೋದು 1986ರಲ್ಲಿ ಪಕ್ಕದ್ಮನೆ ಚಾಪೆ ಮೇಲೆ ಕೂತಿದ್ದ ಜೊತೆಗಾತಿ, ಅವಳು ನಿಮ್ಮ ತಂಗಿ. ಅವಳಿಗೊಂದು ಫೋನ್ ಹಚ್ಚಿ, ಇಬ್ರೂ ಒಂದೇ ಟೈಮಿಗೆ ಅವರವರ ಮನೇಲೇ ಹಾಕ್ಕೊಂಡು ನೋಡಿ. ಡೈರೆಕ್ಟರ್ ಶಂಕರ್‌ನಾಗ್ ಬಗ್ಗೆ, ಆರ್.ಕೆ. ಲಕ್ಷ್ಮಣ್ ಬರೆದ ಟೈಟಲ್ ಚಿತ್ರಗಳ ಬಗ್ಗೆ ನೀವು ಗಂಟೆಗಟ್ಲೆ ಮಾತಾಡಿದ್ರೂ ಕೇಳೋಳು ಅವಳೇ.

ರಜೇಲಿ ಮಕ್ಕಳನ್ನ ಕರ್ಕೊಂಡು ಹೋಗೋದಾದ್ರೆ ಹೊಸನಗರ ತಾಲ್ಲೂಕಿನ ಅರಸಾಳು ಸ್ಟೇಷನ್ ಇದೆ, ಸೀರಿಯಲ್ಲಲ್ಲಿ ಮಾಲ್ಗುಡಿ ಸ್ಟೇಷನ್ ಆಗಿದ್ದು ಅದೇ, ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದಾರೆ. ಶೂಟಿಂಗ್ ನಡೆದ ಆಗುಂಬೆ ದೊಡ್ಡಮನೇನೂ ನೋಡ್ಬಹುದು, ಆದ್ರೆ ಅಲ್ಲಿ ಜನ ವಾಸ ಇದಾರೆ, ಕೇಳ್ಕೊಂಡು ಒಳಗೆ ಹೋಗಿ. ಜುಲೈ ತಿಂಗಳಲ್ಲಂತೂ ಹೊರಡ್ಬೇಡಿ, ಮಳೆ ಜೊತೆ ಉಂಬಳದ (ಜಿಗಣೆ) ಕಾಟ ಬೇರೆ.