ಸಿಂಥೆಟಿಕ್ ಜೆಲ್‌ನಿಂದಲೇ ಆರ್ಗನಾಯ್ಡ್ ಶುರು ಮಾಡಬಹುದಾ?

ಕರುಳಿನ ಆರ್ಗನಾಯ್ಡ್ (ಲ್ಯಾಬ್‌ನಲ್ಲಿ ಕೋಶಗಳಿಂದ ಬೆಳೆಸುವ ಅಂಗದ ಪುಟ್ಟ ಮಾದರಿ) ಬೆಳೆಸಬೇಕು, ಎಲ್ಲರೂ ಮ್ಯಾಟ್ರಿಜೆಲ್ (ಪ್ರಾಣಿಯಿಂದ ತೆಗೆದ ಪ್ರೋಟೀನ್ ಜೆಲ್) ಅಂತಾರೆ, ಅದನ್ನು ಬಿಟ್ಟು ನೇರ ಸಿಂಥೆಟಿಕ್ ಹೈಡ್ರೋಜೆಲ್‌ಗೆ, ಅಂದರೆ ಕೃತಕವಾಗಿ ತಯಾರಿಸಿದ ನೀರು ತುಂಬಿದ ಜೆಲ್‌ಗೆ, ಹೋಗಬಹುದಾ ಎಂದು ಕೇಳಿದ್ದೀರಿ. ನಾನಾದರೆ ಹೋಗುವುದಿಲ್ಲ. ಮೊದಲು ಮ್ಯಾಟ್ರಿಜೆಲ್‌ನಲ್ಲಿ ಕೈ ಪಳಗಲಿ. ಕೋಶಗಳು ಸತ್ತರೆ ಎಡವಟ್ಟಾಗಿದ್ದು ಜೆಲ್‌ನಲ್ಲೋ, ಮೀಡಿಯಮ್‌ನಲ್ಲೋ (ಕೋಶಗಳಿಗೆ ಹಾಕುವ ಪೋಷಕ ದ್ರವ) ಅಂತ ಗೊತ್ತಾಗಬೇಕು ಅಲ್ವಾ? 2009ರಲ್ಲಿ ಹಾನ್ಸ್ ಕ್ಲೆವರ್ಸ್ ತಂಡ ಇಲಿ ಕರುಳಿನ ಒಂದೇ ಕಾಂಡಕೋಶದಿಂದ (ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಕೋಶ) ಆರ್ಗನಾಯ್ಡ್ ಬೆಳೆಸಿದ್ದೂ ಮ್ಯಾಟ್ರಿಜೆಲ್‌ನಲ್ಲೇ.

ಅದರ ಸ್ವಭಾವ ಮಾತ್ರ ವಿಚಿತ್ರ. 4 ಡಿಗ್ರಿಯಲ್ಲಿ ನೀರಾಗಿರುತ್ತದೆ, ಸ್ವಲ್ಪ ಬೆಚ್ಚಗಾದರೂ ಗಟ್ಟಿಯಾಗತೊಡಗುತ್ತದೆ. ಟ್ಯೂಬ್ ಐಸ್ ಮೇಲೆಯೇ ಇರಲಿ, ಪಿಪೆಟ್ ಟಿಪ್ಪನ್ನೂ ತಣ್ಣಗೆ ಮಾಡಿಕೊಳ್ಳಿ. ಕೋಶಗಳನ್ನು ಗುಳ್ಳೆ ಬರದ ಹಾಗೆ ನಿಧಾನವಾಗಿ ಜೆಲ್‌ಗೆ ಬೆರೆಸಿ, ಬೆಚ್ಚಗಿನ ಪ್ಲೇಟ್ ಮೇಲೆ ಹನಿ ಬಿಡಿ. ಆಮೇಲೆ ಪ್ಲೇಟನ್ನು ತಲೆಕೆಳಗೆ ಮಾಡಿ 37 ಡಿಗ್ರಿಯಲ್ಲಿ ಇಡಿ. ಇಲ್ಲದಿದ್ದರೆ ಕೋಶಗಳು ತಳಕ್ಕೆ ಇಳಿದು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತವೆ.

ಇದನ್ನು ಬಿಡಬೇಕು ಅನ್ನುವವರ ವಾದದಲ್ಲೂ ಹುರುಳಿದೆ. ಮ್ಯಾಟ್ರಿಜೆಲ್ ತೆಗೆಯುವುದು ಇಲಿಯ ಕ್ಯಾನ್ಸರ್ ಗೆಡ್ಡೆಯಿಂದ. ಕೋಶಗಳಿಗೆ ಆಸರೆಯಾಗುವ ಲ್ಯಾಮಿನಿನ್, ಕೊಲಾಜೆನ್ ಪ್ರೋಟೀನ್‌ಗಳ ಜೊತೆಗೆ ಸಾವಿರಕ್ಕೂ ಜಾಸ್ತಿ ಬೇರೆ ಬೇರೆ ಪ್ರೋಟೀನ್‌ಗಳಿವೆ. ಬ್ಯಾಚ್‌ನಿಂದ ಬ್ಯಾಚಿಗೆ ಅದರ ಗುಣ ಬದಲಾಗುತ್ತದೆ. ಮನುಷ್ಯರ ದೇಹಕ್ಕೆ ಹಾಕುವ ಅಂಗಾಂಶವನ್ನು ಇದರಲ್ಲಿ ಬೆಳೆಸುವುದು ಕಷ್ಟ.

ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಎಂಬ ಸಿಂಥೆಟಿಕ್ ಜೆಲ್‌ನಲ್ಲಿ ಈ ಗೋಜಲು ಇಲ್ಲ. ಆದರೆ ಅದು ಖಾಲಿ ಜಾಲ. ಕೋಶಕ್ಕೆ ಹಿಡಿದುಕೊಳ್ಳಲು ಆರ್‌ಜಿಡಿ ಪೆಪ್ಟೈಡ್‌ನಂಥದ್ದನ್ನು (ಕೋಶ ಅಂಟಿಕೊಳ್ಳುವ ಪ್ರೋಟೀನ್ ತುಣುಕು) ನಾವೇ ಸೇರಿಸಬೇಕು. ಕಡಲಪಾಚಿಯಿಂದ ತೆಗೆಯುವ ಆಲ್ಜಿನೇಟ್ ಜೆಲ್‌ನ ಕಥೆಯೂ ಅಷ್ಟೇ. 2016ರಲ್ಲಿ ಮಥಿಯಾಸ್ ಲುಟಾಲ್ಫ್ ತಂಡ ಪಿಇಜಿಯಲ್ಲಿ ಕರುಳಿನ ಕಾಂಡಕೋಶ ಬೆಳೆಸಿದಾಗ ಒಂದು ಮಜಾ ಸಂಗತಿ ಕಂಡಿತು. ಕೋಶಗಳ ಸಂಖ್ಯೆ ಹೆಚ್ಚಲು ಗಟ್ಟಿ ಜೆಲ್ ಬೇಕು. ಅವೇ ಕೋಶಗಳು ಮೊಗ್ಗು ಬಿಟ್ಟು ಆರ್ಗನಾಯ್ಡ್ ಆಗಲು ಮೆತ್ತಗಿನ ಜೆಲ್ ಬೇಕು, ಲ್ಯಾಮಿನಿನ್ನೂ ಬೇಕು. ಹಾಗಾಗಿ ಅವರು ಕಾಲಕ್ರಮದಲ್ಲಿ ತಾನೇ ಮೆತ್ತಗಾಗುವ ಜೆಲ್ ಬಳಸಿದರು. ಗಡಸುತನವನ್ನು ಹೀಗೆ ಬೇಕೆಂದಂತೆ ತಿರುಗಿಸಲು ಮ್ಯಾಟ್ರಿಜೆಲ್‌ನಲ್ಲಿ ಆಗುವುದಿಲ್ಲ. ನಿಮ್ಮ ಪ್ರಶ್ನೆ ಇಂಥದ್ದಾದರೆ ಸಿಂಥೆಟಿಕ್‌ಗೆ ಪಡುವ ಪಾಡು ಸಾರ್ಥಕ. ಸುಮ್ನೆ ಔಷಧಿ ಪರೀಕ್ಷೆಗೆ ಆರ್ಗನಾಯ್ಡ್ ಸಾಕಾದರೆ ಬೇಡ.

ಬದಲಿಸುವುದೇ ಆದರೆ ಒಂದೇ ಪ್ಯಾಸೇಜ್‌ನ (ಒಡೆದು ಹೊಸದಾಗಿ ಬೆಳೆಸುವ ಒಂದು ಸುತ್ತು) ಕೋಶಗಳನ್ನು ಎರಡು ಪಾಲು ಮಾಡಿ, ಎರಡೂ ಜೆಲ್‌ಗಳಲ್ಲಿ ಅಕ್ಕಪಕ್ಕ ಬೆಳೆಸಿ ನೋಡಿ. ಆರ್ಗನಾಯ್ಡ್‌ನ ನಡುಭಾಗ ಕಪ್ಪಾಯಿತು ಅಂತ ಜೆಲ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಕರುಳಿನ ಆರ್ಗನಾಯ್ಡ್‌ನಲ್ಲಿ ಉದುರಿದ ಸತ್ತ ಕೋಶಗಳು ಒಳಗೇ ಸೇರಿಕೊಳ್ಳುತ್ತವೆ. ಒಡೆದು ಹೊಸ ಹನಿಗೆ ಹಾಕುವ ಹೊತ್ತಾಗಿದೆ ಅಷ್ಟೇ.